ಸೈಬೀರಿಯಾದ ರೈಲು ಮಾರ್ಗವನ್ನು ಇನ್ನೂ ಚೆನ್ನಾಗಿ ಕಟ್ಟಬಹುದಿತ್ತೇ?

ಪ್ರಶ್ನೆ: ಮಾಸ್ಕೋದಿಂದ ವ್ಲಾಡಿವೊಸ್ಟಾಕ್‌ವರೆಗಿನ ಟ್ರಾನ್ಸ್-ಸೈಬೀರಿಯನ್ ರೈಲು ಮಾರ್ಗದ ಬಗ್ಗೆ ಓದುತ್ತಿದ್ದೆ. ಹಳಿ ತೆಳು, ಜಲ್ಲಿ ಕಡಿಮೆ, ಒಂಟಿ ಮಾರ್ಗ. ಬೈಕಲ್ ಸರೋವರದ ಬಳಿ ಹಳಿಯೇ ಇಲ್ಲದೆ ವ್ಯಾಗನ್‌ಗಳನ್ನು ಹಡಗಿನಲ್ಲಿ ದಾಟಿಸುತ್ತಿದ್ದರಂತೆ. ಯುದ್ಧ ಬಂದಾಗ ಮಂಜುಗಡ್ಡೆಯ ಮೇಲೆ ಹಳಿ ಹಾಸಲು ಹೋಗಿ ಇಂಜಿನ್ ಮುಳುಗಿತಂತೆ. ಇಷ್ಟು ದೊಡ್ಡ ಕೆಲಸವನ್ನು ಇಷ್ಟು ಅವಸರವಾಗಿ, ಅಗ್ಗವಾಗಿ ಮಾಡಿದ್ದು ತಪ್ಪಲ್ಲವೇ? ಹತ್ತು ವರ್ಷ ತಡವಾದರೂ ಗಟ್ಟಿಯಾಗಿ ಕಟ್ಟಬಹುದಿತ್ತಲ್ಲ? ನಿಮ್ಮ ಕೈಗೆ ಕೊಟ್ಟಿದ್ದರೆ ಹೇಗೆ ಕಟ್ಟುತ್ತಿದ್ದಿರಿ? ಹಳೆಯ ಮಾರ್ಗ ಈಗಲೂ ನೋಡಲು ಸಿಗುತ್ತದೆಯೇ? (ಓದುಗರೊಬ್ಬರು, ದಾವಣಗೆರೆ)

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಅಗ್ಗವಾಗಿ ಕಟ್ಟಿದ್ದು ತಪ್ಪಲ್ಲ. ಕೈ ಬಿಗಿ ಹಿಡಿದ ಜಾಗಗಳಲ್ಲಿ ಕೆಲವು ತಪ್ಪಿದವು. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬ ಸರದಿ ತಪ್ಪಿತು. ಮೂವತ್ತಕ್ಕೂ ಹೆಚ್ಚು ವರ್ಷ ಹಳಿಯ ಕೆಲಸದಲ್ಲೇ ಕಳೆದವನು ನಾನು. ಹೊಸ ಮಾರ್ಗದ ನಕ್ಷೆ ಕೈಗೆ ಬಂದಾಗಲೆಲ್ಲ ಮೊದಲು ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಒಂದೇ: ಇದರಲ್ಲಿ ಆಮೇಲೆ ಬದಲಾಯಿಸಬಹುದಾದ್ದು ಯಾವುದು, ಬದಲಾಯಿಸಲಾಗದ್ದು ಯಾವುದು? ಹಳಿ ಬದಲಾಯಿಸಬಹುದು, ಹಳಿಯ ಕೆಳಗಿನ ಅಡ್ಡದಿಮ್ಮಿಯಾದ ಸ್ಲೀಪರ್ ಬದಲಾಯಿಸಬಹುದು, ಮರದ ಸೇತುವೆ ಕಿತ್ತು ಕಬ್ಬಿಣದ್ದು ಕೂರಿಸಬಹುದು. ಮಾರ್ಗ ಹಾದುಹೋಗುವ ಜಾಗ, ಸುರಂಗದ ಅಗಲ, ದೊಡ್ಡ ಸೇತುವೆಯ ಕಂಬ ಇವನ್ನು ಒಮ್ಮೆ ಹಾಕಿದರೆ ನೂರು ವರ್ಷಕ್ಕೆ ಹಾಕಿದಂತೆ. ಸೈಬೀರಿಯಾದ ಮಾರ್ಗವನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಿದರೆ ರಷ್ಯನ್ ಎಂಜಿನಿಯರುಗಳು ಬಹಳ ಕಡೆ ಗೆದ್ದಿದ್ದಾರೆ. ಸೋತ ಕಡೆಗಳಲ್ಲಿ ಮಾತ್ರ ದೊಡ್ಡದಾಗಿಯೇ ಸೋತಿದ್ದಾರೆ.

ಮೊದಲು ಕೆಲಸದ ಗಾತ್ರ ಕಣ್ಣಮುಂದೆ ಇರಲಿ. 1891ರ ಮೇ 31ರಂದು ವ್ಲಾಡಿವೊಸ್ಟಾಕ್‌ನಲ್ಲಿ ಯುವರಾಜ ನಿಕೊಲಾಯ್ ಶಂಕುಸ್ಥಾಪನೆ ಮಾಡಿದರು. ಅದೇ ಪ್ರವಾಸದಲ್ಲಿ ಅವರು ಭಾರತವನ್ನೂ ನೋಡಿಕೊಂಡು ಹೋಗಿದ್ದರು; ಜಪಾನಿನ ಓತ್ಸುವಿನಲ್ಲಿ ಒಬ್ಬ ಪೊಲೀಸನೇ ಕತ್ತಿ ಬೀಸಿ ತಲೆಗೆ ಗಾಯ ಮಾಡಿ ಆಗಿನ್ನೂ ತಿಂಗಳು ತುಂಬಿರಲಿಲ್ಲ. ಪಶ್ಚಿಮದ ತುದಿ ಉರಾಲ್ ಬೆಟ್ಟಗಳ ಮಗ್ಗುಲಿನ ಚೆಲ್ಯಾಬಿನ್ಸ್ಕ್. ಅಲ್ಲಿಂದ ಪೆಸಿಫಿಕ್‌ವರೆಗೆ ಏಳು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಮಾಸ್ಕೋದಿಂದ ಲೆಕ್ಕ ಹಿಡಿದರೆ ಇಂದು 9,288 ಕಿ.ಮೀ. ದಾರಿಯುದ್ದಕ್ಕೂ ಊರುಗಳು ವಿರಳ, ಕೂಲಿಯಾಳು ವಿರಳ, ಕೆಲಸ ಮಾಡಲು ಆಗುವ ತಿಂಗಳುಗಳೂ ಕೆಲವೇ. ಹಣಕಾಸು ಮಂತ್ರಿ ಸೆರ್ಗೆಯ್ ವಿಟ್ಟೆ ಹಠ ಹಿಡಿದು ನಿಲ್ಲದಿದ್ದರೆ ಇದು ಕಡತದಲ್ಲೇ ಉಳಿಯುತ್ತಿತ್ತು. ಖಜಾನೆಯಲ್ಲಿದ್ದ ಹಣ ಎಷ್ಟೆಂದು ಬಲ್ಲ ವಿಟ್ಟೆ ಅಗ್ಗದ ನಿಯಮಗಳಿಗೆ ಒಪ್ಪಿದರು. ಮೊದಲ ವಿನ್ಯಾಸವೇ ದಿನಕ್ಕೆ ಮೂರು ಜೋಡಿ ರೈಲು ಓಡಿದರೆ ಸಾಕು ಎಂಬ ಲೆಕ್ಕದ್ದು.

ಈಗ ನೀವು ಹೇಳಿದ ತೆಳು ಹಳಿಗೆ ಬರೋಣ. ರಷ್ಯನ್ ಅಳತೆಯಲ್ಲಿ ಅಡಿಗೆ 18 ಪೌಂಡು, ಅಂದರೆ ಮೀಟರಿಗೆ ಸುಮಾರು 24 ಕಿಲೋ. ನಮ್ಮ ಮೀಟರ್‌ಗೇಜ್ ಮಾರ್ಗಗಳಲ್ಲಿದ್ದ 50 ಪೌಂಡಿನ ಹಳಿ ನೋಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ: ಅದೂ ಮೀಟರಿಗೆ ಸುಮಾರು 25 ಕಿಲೋ. ಅದೇ ತೂಕದ ಹಳಿಯನ್ನು ರಷ್ಯನ್ನರು 1,524 ಮಿಲಿಮೀಟರ್ ಅಗಲದ ಗೇಜಿಗೆ (ಗೇಜ್ ಎಂದರೆ ಎರಡು ಹಳಿಗಳ ನಡುವಿನ ಅಂತರ), ದೊಡ್ಡ ಇಂಜಿನ್ನಿನ ಕೆಳಗೆ ಹಾಕಿದರು. ಓದಿದಾಗ ಎದೆ ಧಸಕ್ಕೆನ್ನುತ್ತದೆ. ಆದರೂ ನಾನು ಇದನ್ನು ತಪ್ಪೆನ್ನುವುದಿಲ್ಲ. ಆಗ ಅಲ್ಲಿಗೆ ಹಳಿ ತಲುಪಿಸುವುದೇ ಒಂದು ಯುದ್ಧ. ಪಶ್ಚಿಮ ತುದಿಗೆ ಉರಾಲ್ ಕಾರ್ಖಾನೆಗಳಿಂದ, ಪೂರ್ವ ತುದಿಗೆ ಒಡೆಸ್ಸಾ ಬಂದರಿನಿಂದ ಅರ್ಧ ಭೂಮಿ ಸುತ್ತಿ ಹಡಗಿನಲ್ಲಿ. ಮೂರನೇ ಒಂದು ಪಾಲು ಹೆಚ್ಚು ಉಕ್ಕು ಬೇಕೆಂದು ಪಟ್ಟು ಹಿಡಿದಿದ್ದರೆ ಅಷ್ಟೂ ಕೆಲಸ ಹಿಂದೆ ಬೀಳುತ್ತಿತ್ತು. ಹಗುರ ಹಳಿಯ ಮೇಲೆ ಹೋದ ಮೊದಲ ರೈಲೇ ಮುಂದೆ ಭಾರದ ಹಳಿ ಹೊತ್ತು ತರುತ್ತದೆ. ಹಾಗೆಯೇ ಆಯಿತು, ಕೆಲವೇ ವರ್ಷಗಳಲ್ಲಿ ಹೆಚ್ಚು ತೂಕದ ಹಳಿ ಹಾಕುವ ಕೆಲಸ ಶುರುವಾಯಿತು. ಸಣ್ಣ ಹಳ್ಳಗಳಿಗೆ ಮರದ ಸೇತುವೆ ಹಾಕಿದ್ದೂ ಇದೇ ಲೆಕ್ಕ. ಕಾಡು ಪಕ್ಕದಲ್ಲೇ ಇದೆ, ಬಡಗಿ ಸಿಗುತ್ತಾನೆ, ಹತ್ತು ವರ್ಷದ ಮೇಲೆ ಬದಲಾಯಿಸಿದರಾಯಿತು.

ಜಲ್ಲಿಯ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಹಳಿಯ ತೂಕಕ್ಕಿಂತ ಇದು ಹೆಚ್ಚು ಕಾಡಿತು.

ಒಂದು ಪ್ರಸಂಗ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನನ್ನು ಮಲೆನಾಡಿನ ಒಂದು ಮೀಟರ್‌ಗೇಜ್ ಮಾರ್ಗಕ್ಕೆ ಹಾಕಿದ್ದರು. ಆಷಾಢದ ಮಳೆ. ಗ್ಯಾಂಗಿನ ಮೇಸ್ತ್ರಿ ಹಳಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, "ಈಗ ಗೂಡ್ಸ್ ಬರ್ತದೆ, ಸ್ಲೀಪರ್ ಮೇಲೇ ಕಣ್ಣಿಡಿ ಸಾರ್" ಅಂದರು. ಗಾಡಿ ಬಂತು. ಒಂದೊಂದು ಗಾಲಿ ಹಾದಾಗಲೂ ಸ್ಲೀಪರ್ ಒಂದು ಬೆರಳಷ್ಟು ಕೆಳಗಿಳಿದು ಮೇಲೇಳುತ್ತಿತ್ತು. ಎದ್ದಾಗ ಎರಡೂ ಪಕ್ಕದಿಂದ ಬೂದುಬಣ್ಣದ ರಾಡಿ ಚಿಮ್ಮುತ್ತಿತ್ತು. ಗಾಡಿ ಹೋದ ಮೇಲೆ ಮೇಸ್ತ್ರಿ ಆ ರಾಡಿಯನ್ನು ಅಂಗೈಗೆ ತೆಗೆದುಕೊಂಡು ಉಜ್ಜಿ ತೋರಿಸಿದರು. "ಜಲ್ಲಿ ಸತ್ತೋಗಿದೆ ಸಾರ್. ಕೆಳಗಿನ ಮಣ್ಣು ಮೇಲಕ್ಕೆ ಬಂದ್ಬಿಟ್ಟಿದೆ. ಇನ್ನು ಎಷ್ಟು ಬೀಟರ್ ಹೊಡೆದ್ರೂ ನಿಲ್ಲಲ್ಲ." ಬೀಟರ್ ಎಂದರೆ ಜಲ್ಲಿ ಕುಟ್ಟುವ ಸಲಕರಣೆ. ಜಲ್ಲಿ ಏಕೆ ಬೇಕು ಎಂಬುದನ್ನು ನಾನು ಕಲಿತದ್ದು ಆ ಅಂಗೈಯಿಂದ. ಅದು ಭಾರವನ್ನು ಹರಡುತ್ತದೆ, ನೀರನ್ನು ಬಿಡುತ್ತದೆ. ಎರಡರಲ್ಲಿ ಒಂದು ತಪ್ಪಿದರೂ ಮೇಲೆ ಎಂಥ ಹಳಿ ಹಾಕಿದರೂ ವ್ಯರ್ಥ.

ಸೈಬೀರಿಯಾದಲ್ಲಿ ಇದಕ್ಕೆ ಚಳಿಯೂ ಸೇರಿತು. ತೆಳ್ಳಗಿನ ಜಲ್ಲಿಯ ಕೆಳಗೆ ಜೇಡಿಮಣ್ಣು. ಅದು ನೀರು ಕುಡಿದಿರುತ್ತದೆ. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಮಣ್ಣು ಉಬ್ಬುತ್ತದೆ, ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ಇಲ್ಲಿ ನಾಲ್ಕು ಬೆರಳು ಎದ್ದರೆ ಹತ್ತು ಮಾರು ಆಚೆ ಏನೂ ಇಲ್ಲ. ಹಳಿ ಅಲೆ ಅಲೆಯಾಗುತ್ತದೆ. ನೆಲ ಕಲ್ಲಾಗಿರುವಾಗ ಜಲ್ಲಿ ಕುಟ್ಟಿ ಸರಿ ಮಾಡುವ ಹಾಗಿಲ್ಲ. ಅದಕ್ಕೇ ಅಲ್ಲಿನ ಗ್ಯಾಂಗಿನವರು ಮರದ ಚಕ್ಕೆ ಸೀಳಿ ಹಳಿಗೂ ಸ್ಲೀಪರಿಗೂ ನಡುವೆ ತೂರಿಸಿ ಮಟ್ಟ ಮಾಡುತ್ತಾರೆ. ವಸಂತದಲ್ಲಿ ಮಣ್ಣು ಇಳಿದಂತೆ ಒಂದೊಂದೇ ಚಕ್ಕೆ ಹೊರತೆಗೆಯುತ್ತಾರೆ. ಜಲ್ಲಿ ದಪ್ಪವಾಗಿದ್ದು ಪಕ್ಕದ ಚರಂಡಿ ಸರಿಯಿದ್ದರೆ ಈ ಕಾಟ ಅರ್ಧಕ್ಕೆ ಇಳಿಯುತ್ತದೆ. ಮೊದಲ ವರ್ಷಗಳಲ್ಲಿ ರೈಲುಗಳು ಗಂಟೆಗೆ 20 ಕಿ.ಮೀ. ಆಸುಪಾಸಿನಲ್ಲಿ ತೆವಳಿದ್ದಕ್ಕೆ ಹಳಿಯ ತೂಕದಷ್ಟೇ ಇದೂ ಕಾರಣ.

ಜಲ್ಲಿಯನ್ನಾದರೂ ಆಮೇಲೆ ಸುರಿಯಬಹುದು. ಹಳಿಯನ್ನು ಹೊರುವ ಮಣ್ಣಿನ ದಿಬ್ಬ, ಅಂದರೆ ಏರಿಯ ಅಗಲ ಕಡಿಮೆ ಮಾಡಿದ್ದು ನನಗೆ ನಿಜಕ್ಕೂ ನೋವು ಕೊಡುವ ಉಳಿತಾಯ. ಮಣ್ಣಿನ ಏರಿಯನ್ನು ರಷ್ಯದ ಬೇರೆ ಮಾರ್ಗಗಳಿಗಿಂತ ಕಿರಿದಾಗಿ ಹಾಕಿದರು. ನೆತ್ತಿ ಕಿರಿದಾದರೆ ಜಲ್ಲಿ ನಿಲ್ಲುವುದಿಲ್ಲ, ಪಕ್ಕಕ್ಕೆ ಜಾರಿ ಹೋಗುತ್ತದೆ. ಸುರಿದಷ್ಟೂ ಇಳಿಜಾರಿನ ಪಾಲು. ಮುಂದೆ ಎರಡನೇ ಹಳಿ ಹಾಕುವ ದಿನ ಬಂದಾಗ ಹಳೆಯ ಏರಿಗೆ ಹೊಸ ಮಣ್ಣು ಅಂಟಿಸಬೇಕು. ಸುಮ್ಮನೆ ಪಕ್ಕದಲ್ಲಿ ಸುರಿದರೆ ಎರಡೂ ಬೆಸೆಯುವುದಿಲ್ಲ. ಹಳೆಯ ಇಳಿಜಾರಿನಲ್ಲಿ ಮೆಟ್ಟಿಲು ಕಡಿದು, ಒಂದೊಂದು ಮೆಟ್ಟಿಲಿಗೂ ಹೊಸ ಮಣ್ಣು ಕೂರಿಸಿ ದಮ್ಮಸ್ಸು ಮಾಡುತ್ತ ಮೇಲೆ ಬರಬೇಕು. ರೈಲು ಓಡುತ್ತಿರುವ ಮಾರ್ಗದ ಪಕ್ಕದಲ್ಲಿ ಇದನ್ನು ಮಾಡಿಸಿದವರಿಗೆ ಗೊತ್ತು, ಮೊದಲೇ ಅಗಲವಾಗಿ ಹಾಕಿದ್ದರೆ ಆಗುತ್ತಿದ್ದ ಖರ್ಚಿನ ಎಷ್ಟು ಪಟ್ಟು ಇಲ್ಲಿ ಸುರಿಯುತ್ತದೆ ಎಂದು.

ಒಂಟಿ ಹಳಿಯ ಬಗ್ಗೆ ಜನಸಾಮಾನ್ಯರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಎಷ್ಟು ರೈಲು ಓಡಿಸಬಹುದು ಎಂಬುದನ್ನು ಹಳಿ ನಿರ್ಧರಿಸುವುದಿಲ್ಲ, ಎದುರುಬದುರಾದ ರೈಲುಗಳು ಒಂದನ್ನೊಂದು ದಾಟುವ ಲೂಪ್ ಲೈನುಗಳು ನಿರ್ಧರಿಸುತ್ತವೆ. ಒಂದು ಸರಳ ಲೆಕ್ಕ ಮಾಡಿ. ಎರಡು ಲೂಪ್‌ಗಳ ನಡುವೆ 40 ಕಿ.ಮೀ. ದೂರವಿದೆ, ರೈಲು ಗಂಟೆಗೆ 20 ಕಿ.ಮೀ. ಹೋಗುತ್ತದೆ ಎನ್ನಿ. ಹೋಗಲು ಎರಡು ಗಂಟೆ, ಎದುರಿನದು ಬರಲು ಎರಡು ಗಂಟೆ. ಒಂದು ಜೋಡಿಗೆ ನಾಲ್ಕು ಗಂಟೆ. ದಿನಕ್ಕೆ ಆರು ಜೋಡಿ. ನೀರು, ಸೌದೆ, ಇಂಜಿನ್ ಕೆಟ್ಟು ನಿಲ್ಲುವುದು ಎಲ್ಲ ಕಳೆದರೆ ನಾಲ್ಕೇ ಉಳಿದೀತು. ನಡುವೆ ಇನ್ನೊಂದು ಲೂಪ್ ಹಾಕಿ. ಒಂದು ಕಿಲೋಮೀಟರಿನಷ್ಟು ಹೆಚ್ಚುವರಿ ಹಳಿ, ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಎರಡು ಪಾಯಿಂಟ್ಸ್, ಒಂದು ಗುಡಿಸಿಲು, ನಾಲ್ಕು ಜನ. ಅಷ್ಟಕ್ಕೇ ಮಾರ್ಗದ ಶಕ್ತಿ ದುಪ್ಪಟ್ಟು! ರೈಲ್ವೆ ಕೆಲಸದಲ್ಲಿ ಇಷ್ಟು ಕಡಿಮೆ ಹಣಕ್ಕೆ ಇಷ್ಟು ದೊಡ್ಡ ಫಲ ಕೊಡುವುದು ಬೇರೆ ಇಲ್ಲ. 1904ರಲ್ಲಿ ಜಪಾನಿನೊಂದಿಗೆ ಯುದ್ಧ ಬಂದಾಗ ಸಾರಿಗೆ ಮಂತ್ರಿ ರಾಜಕುಮಾರ ಮಿಖಾಯಿಲ್ ಖಿಲ್ಕೊವ್ ಅವಸರವಸರವಾಗಿ ಹಾಕಿಸಿದ್ದು ಇದನ್ನೇ. ಅವರು ರಾಜವಂಶದವರಾದರೂ ಯೌವನದಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ರೈಲ್ವೆಯಲ್ಲಿ ಕೂಲಿಯಂತೆ ದುಡಿದು ಕಲಿತವರು. ಅವರಿಗೆ ಇದರ ಬೆಲೆ ಗೊತ್ತಿತ್ತು. ಯುದ್ಧಕ್ಕೆ ಮುಂಚೆಯೇ, ಕಡೇಪಕ್ಷ ಲೂಪ್‌ಗಳಿಗೆ ಬೇಕಾದ ಮಣ್ಣಿನ ಕೆಲಸವನ್ನಾದರೂ ಮಾಡಿಟ್ಟಿದ್ದರೆ ಮೊದಲ ತಿಂಗಳುಗಳ ಪರದಾಟ ಎಷ್ಟೋ ತಪ್ಪುತ್ತಿತ್ತು.

ಇನ್ನು ಅವರು ಗೆದ್ದ ಜಾಗಗಳು. ದೊಡ್ಡ ನದಿಗಳ ಸೇತುವೆಗಳಲ್ಲಿ ಒಂದು ರೂಬಲ್ಲನ್ನೂ ತಪ್ಪಾಗಿ ಉಳಿಸಲಿಲ್ಲ. ಹಗುರ ಹಳಿ ಹಾಕಿದ ಅದೇ ಜನ ಓಬ್, ಯೆನಿಸೇಯ್ ನದಿಗಳಿಗೆ ಕಲ್ಲಿನ ಕಂಬ, ಕಂಬದಿಂದ ಕಂಬಕ್ಕೆ ಚಾಚುವ ಕಬ್ಬಿಣದ ಗರ್ಡರ್ ಹಾಕಿದರು. ವಸಂತದಲ್ಲಿ ನದಿ ಒಡೆದು ಮನೆಗಾತ್ರದ ಮಂಜುಗಡ್ಡೆಗಳು ತೇಲಿ ಬಂದು ಬಡಿಯುತ್ತವೆ. ಅವನ್ನು ಸೀಳಲೆಂದೇ ಕಂಬಗಳ ಎದುರುಮುಖವನ್ನು ಹಡಗಿನ ಮೂತಿಯಂತೆ ಚೂಪಾಗಿಸಿ ಗ್ರಾನೈಟ್ ಹೊದಿಸಿದರು. ಕ್ರಾಸ್ನೊಯಾರ್ಸ್ಕ್ ಬಳಿಯ ಯೆನಿಸೇಯ್ ಸೇತುವೆಯನ್ನು ಲಾವ್ರ್ ಪ್ರೊಸ್ಕುರ್ಯಕೊವ್ ವಿನ್ಯಾಸ ಮಾಡಿದರು. 1899ರಲ್ಲಿ ಅದು ಮುಗಿಯಿತು. ಒಂದೊಂದು ಗರ್ಡರೂ ಸುಮಾರು 145 ಮೀಟರ್ ಉದ್ದ. 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಅದಕ್ಕೆ ಚಿನ್ನದ ಪದಕ ಬಂತು. ಸುಮಾರು ನೂರು ವರ್ಷ ಅದು ಅಲ್ಲಿ ನಿಂತಿತ್ತು.

ಓಬ್ ನದಿಯ ಕತೆ ನನಗೆ ಇನ್ನೂ ಇಷ್ಟ. ಎಂಜಿನಿಯರೂ ಸಾಹಿತಿಯೂ ಆಗಿದ್ದ ಗಾರಿನ್-ಮಿಖಾಯ್ಲೊವ್ಸ್ಕಿಯ ತಂಡ 1891ರಲ್ಲಿ ದಾಟುವ ಜಾಗ ಹುಡುಕಿತು. ಕ್ರಿವೊಶ್ಚೊಕೊವೊ ಎಂಬ ಹಳ್ಳಿಯ ಬಳಿ ನದಿ ಕಿರಿದಾಗಿ, ತಳದಲ್ಲಿ ಗಟ್ಟಿ ಬಂಡೆ ಸಿಕ್ಕಿತು. ಅದೇ ಜಾಗ ಎಂದು ಪಟ್ಟು ಹಿಡಿದರು. ಇದರಿಂದ ಸೈಬೀರಿಯಾದ ಮೊದಲ ವಿಶ್ವವಿದ್ಯಾಲಯವಿದ್ದ ತೊಮ್ಸ್ಕ್ ನಗರ ಮುಖ್ಯ ಮಾರ್ಗದಿಂದ ಹೊರಗುಳಿದು, ಕವಲು ಮಾರ್ಗಕ್ಕೆ ತೃಪ್ತಿಪಡಬೇಕಾಯಿತು. ಇಂದಿಗೂ ಇದನ್ನು ಅನ್ಯಾಯ ಎನ್ನುವವರಿದ್ದಾರೆ. ನಾನು ಆ ಎಂಜಿನಿಯರನ ಪರ. ಊರನ್ನು ಹುಡುಕಿಕೊಂಡು ಕೆಟ್ಟ ತಳದಲ್ಲಿ ಕಂಬ ನೆಟ್ಟಿದ್ದರೆ ಪ್ರತಿ ವಸಂತದಲ್ಲೂ ಎದೆ ಹಿಡಿದುಕೊಂಡು ಕೂರಬೇಕಿತ್ತು. ಸೇತುವೆಯ ಕೂಲಿಗಳ ಬಿಡಾರವಾಗಿ 1893ರಲ್ಲಿ ಹುಟ್ಟಿದ ಊರೇ ಇಂದಿನ ನೊವೊಸಿಬಿರ್ಸ್ಕ್; ಮಾಸ್ಕೋ, ಸೇಂಟ್ ಪೀಟರ್ಸ್‌ಬರ್ಗ್ ಬಿಟ್ಟರೆ ರಷ್ಯದಲ್ಲಿ ಅದೇ ದೊಡ್ಡದು.

ಗೇಜ್ ಕೂಡ ಗೆಲುವೇ. ಬಡ ಮಾರ್ಗ, ಜನವಿಲ್ಲದ ನಾಡು, ಮೀಟರ್‌ಗೇಜ್ ಸಾಕು ಎಂದು ಹೇಳುವುದು ಸುಲಭವಿತ್ತು. ಅವರು ಹೇಳಲಿಲ್ಲ, ದೇಶದ ಉಳಿದ ಕಡೆ ಇದ್ದ ಗೇಜನ್ನೇ ಕೊನೆಯವರೆಗೆ ಒಯ್ದರು. ಮದರಾಸಿನ ಕಡೆಯಿಂದ ಬಂದ ಬ್ರಾಡ್‌ಗೇಜ್, ಮೈಸೂರಿನ ಕಡೆಯ ಮೀಟರ್‌ಗೇಜ್ ಎರಡೂ ಬೆಂಗಳೂರಿನಲ್ಲಿ ಸೇರಿದ್ದ ಕಾಲದಲ್ಲಿ ಮೂಟೆಗಳನ್ನು ಈ ವ್ಯಾಗನ್ನಿನಿಂದ ಆ ವ್ಯಾಗನ್ನಿಗೆ ಹೊತ್ತು ಹಾಕಿದ ಕೂಲಿಗಳನ್ನು ಕೇಳಿದ್ದರೆ ಇದು ಎಂಥ ಪುಣ್ಯದ ಕೆಲಸ ಎಂದು ಹೇಳುತ್ತಿದ್ದರು.

ಬೈಕಲ್‌ಗೆ ಬರೋಣ. ಇಲ್ಲಿ ಸರದಿಯೇ ತಪ್ಪಿದ್ದು. ಇರ್ಕುತ್ಸ್ಕ್‌ಗೆ 1898ರಲ್ಲೇ ರೈಲು ಬಂತು. ಅಲ್ಲಿಂದ ಮುಂದೆ ಸರೋವರದ ದಕ್ಷಿಣ ತುದಿಯನ್ನು ಸುತ್ತಿ ಹೋಗಬೇಕಾದ ಸುಮಾರು 260 ಕಿ.ಮೀ. ಇಡೀ ಮಾರ್ಗದಲ್ಲೇ ಕಠಿಣವಾದ ಜಾಗ. ನೇರ ನೀರಿಗಿಳಿಯುವ ಬಂಡೆ, ಸಾಲು ಸುರಂಗ. ದುಬಾರಿ ಎಂದು ಅದನ್ನು ಹಿಂದಕ್ಕೆ ತಳ್ಳಿ ಹಡಗಿನ ಉಪಾಯ ಮಾಡಿದರು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಆರ್ಮ್‌ಸ್ಟ್ರಾಂಗ್ ಕಂಪನಿ "ಬೈಕಲ್" ಎಂಬ ಮಂಜು ಒಡೆಯುವ ಹಡಗನ್ನು ತಯಾರಿಸಿ, ಬಿಡಿಭಾಗಗಳಾಗಿ ಕಳಿಸಿತು. ಸರೋವರದ ದಡದಲ್ಲಿ ಜೋಡಿಸಿ 1899ರಲ್ಲಿ ನೀರಿಗಿಳಿಸಿದರು. ಒಳಗೇ ಹಳಿ, ಇಪ್ಪತ್ತಕ್ಕೂ ಹೆಚ್ಚು ವ್ಯಾಗನ್ ಹಿಡಿಸುವಷ್ಟು ಜಾಗ. ಹಡಗು ಚೆನ್ನಾಗಿತ್ತು. ಆದರೆ ನಡುಚಳಿಗಾಲದ ಬೈಕಲ್ ಮಂಜನ್ನು ಒಡೆಯುವುದು ಅದರಿಂದಲೂ ಆಗುತ್ತಿರಲಿಲ್ಲ.

1904ರ ಫೆಬ್ರವರಿಯಲ್ಲಿ ಜಪಾನ್, ಮಂಚೂರಿಯಾದ ದಕ್ಷಿಣ ತುದಿಯಲ್ಲಿ ರಷ್ಯದ ನೌಕಾನೆಲೆಯಾಗಿದ್ದ ಪೋರ್ಟ್ ಆರ್ಥರ್ ಮೇಲೆ ಬಿದ್ದಾಗ ಸರೋವರ ಪೂರ್ತಿ ಹೆಪ್ಪುಗಟ್ಟಿತ್ತು. ಸುರಂಗಗಳ ಕೆಲಸ ನಡೆಯುತ್ತಿತ್ತು. ಖಿಲ್ಕೊವ್ ಸ್ವತಃ ಬಂದು ನಿಂತು, ಮಂಜಿನ ಮೇಲೆ 40 ಕಿ.ಮೀ.ಗೂ ಹೆಚ್ಚು ಉದ್ದ ಹಳಿ ಹಾಸಿಸಿದರು. ಭಾರ ಹರಡಲೆಂದು ಸ್ಲೀಪರ್ ಬದಲು ಉದ್ದುದ್ದದ ದಿಮ್ಮಿ ಹಾಕಿದರು. ಬೈಕಲ್ ಮಂಜು ಮೀಟರಿಗೂ ಹೆಚ್ಚು ದಪ್ಪ. ಆದರೆ ಅದು ನೆಲವಲ್ಲ, ಅಲುಗುತ್ತದೆ. ಗುಂಡು ಹೊಡೆದ ಸದ್ದಿನೊಂದಿಗೆ ಬಿರುಕು ಬಿಟ್ಟು ನೀರು ಮೇಲೆ ಬರುತ್ತದೆ. ಪರೀಕ್ಷೆಗೆ ಬಿಟ್ಟ ಇಂಜಿನ್ ಹೀಗೆ ಬಿರಿದ ಜಾಗದಲ್ಲಿ ಮುಳುಗಿತು. ನೀವು ಓದಿದ್ದು ಇದನ್ನೇ. ಆಮೇಲೆ ಏನು ಮಾಡಿದರು ಎಂಬುದನ್ನು ಮಾತ್ರ ಬಹಳ ಜನ ಬರೆಯುವುದಿಲ್ಲ. ಇಂಜಿನ್‌ಗಳನ್ನು ಬಿಚ್ಚಿದರು. ಬಾಯ್ಲರ್ ಒಂದು ಕಡೆ, ಗಾಲಿ ಒಂದು ಕಡೆ ಮಾಡಿ ಭಾರ ಹಂಚಿ, ಕುದುರೆ ಕಟ್ಟಿ ಎಳೆಸಿದರು. ಹೀಗೆ ಅರವತ್ತಕ್ಕೂ ಹೆಚ್ಚು ಇಂಜಿನ್, ಎರಡು ಸಾವಿರಕ್ಕೂ ಹೆಚ್ಚು ವ್ಯಾಗನ್ ಆಚೆ ದಡ ಸೇರಿದವು. ಸೈನಿಕರು ನಡೆದೇ ದಾಟಿದರು. ಅವರು ಮೈ ಬೆಚ್ಚಗೆ ಮಾಡಿಕೊಂಡು ಬಿಸಿಯಾಗಿ ಏನಾದರೂ ಕುಡಿಯಲೆಂದು ಸರೋವರದ ನಟ್ಟನಡುವೆ, ಮಂಜಿನ ಮೇಲೇ ಒಂದು ತಂಗುದಾಣ ಕಟ್ಟಿದ್ದರು. ಹೆಸರು "ಸೆರೆದಿನಾ", ಅಂದರೆ "ನಡು". ಕಟ್ಟುವವನಾಗಿ ನಾನು ಆ ಜನಕ್ಕೆ ತಲೆಬಾಗುತ್ತೇನೆ. ಆದರೆ ಅವರನ್ನು ಆ ಸ್ಥಿತಿಗೆ ತಂದದ್ದು ಸರದಿಯ ತಪ್ಪು. ಯಾವುದು ಎಲ್ಲಕ್ಕಿಂತ ಹೆಚ್ಚು ಸಮಯ ತಿನ್ನುತ್ತದೋ ಅದನ್ನು ಎಲ್ಲಕ್ಕಿಂತ ಮೊದಲು ಶುರು ಮಾಡಬೇಕು. ಸುರಂಗದ ಕೆಲಸಕ್ಕೆ ಸಾವಿರ ಆಳು ಹೆಚ್ಚು ಹಾಕಿದರೂ ಬೇಗ ಆಗುವುದಿಲ್ಲ, ಬಂಡೆ ಕೊರೆಯುವ ತುದಿಯಲ್ಲಿ ನಿಲ್ಲಲು ಆಗುವುದು ಹತ್ತು ಜನಕ್ಕೆ ಮಾತ್ರ. 1893ರಲ್ಲಿ ಪಶ್ಚಿಮದ ಬಯಲಿನಲ್ಲಿ ಹಳಿ ಹಾಸುವಾಗಲೇ ಬೈಕಲ್ ದಡಕ್ಕೆ ಒಂದು ಸಣ್ಣ ತಂಡ ಕಳಿಸಿ ಬಂಡೆ ಕೊರೆಯಲು ಹಚ್ಚಬೇಕಿತ್ತು. ಕಲ್ಲು ಅಲ್ಲೇ, ಮರ ಅಲ್ಲೇ, ಸರಕು ಸಾಗಿಸಲು ಸರೋವರವೇ ದಾರಿ.

ಮಾಡಿದ ಮೇಲೆ ಮಾತ್ರ ಅಚ್ಚುಕಟ್ಟಾಗಿ ಮಾಡಿದರು. ಒಂಟಿ ಹಳಿಗೆ ಹಣ ಬಂದಿದ್ದರೂ ಸುರಂಗಗಳನ್ನು ಎರಡು ಹಳಿಗೆ ಸಾಲುವಷ್ಟು ಅಗಲವಾಗಿ ತೆಗೆದರು. 1911ರಿಂದ ಎರಡನೇ ಹಳಿ ಹಾಕುವಾಗ ಬಂಡೆಯನ್ನು ಮತ್ತೆ ಒಡೆಯಬೇಕಾಗಲಿಲ್ಲ.

ಬೈಕಲ್ ಆಚೆ ಇನ್ನೊಂದು ಪಾಠ. ಇಂಗೊದಾ, ಶಿಲ್ಕಾ ನದಿಗಳ ದಂಡೆ ಹಿಡಿದು ಮಾರ್ಗ ಹಾಕಿದರು. ಕಣಿವೆಯ ತಳದಲ್ಲಿ ಹೋದರೆ ಬಂಡೆ ಕಡಿಯುವುದು ಕಡಿಮೆ. ಗುಡ್ಡದ ಭಾಗಗಳಲ್ಲಿ ಏರು 57ಕ್ಕೆ ಒಂದರವರೆಗೆ, ಅಂದರೆ 57 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೇರುವಷ್ಟು, ಹೋಗಬಹುದು ಎಂದು ನಿಯಮವಿತ್ತು (ನಮ್ಮ ಸಕಲೇಶಪುರ ಘಾಟಿಯದು 50ಕ್ಕೆ ಒಂದು), ಆದ್ದರಿಂದ ಸ್ವಲ್ಪ ಮೇಲೆ ಹತ್ತಿ ಹೋಗುವುದು ಅಸಾಧ್ಯವೇನೂ ಆಗಿರಲಿಲ್ಲ. 1897ರ ಬೇಸಿಗೆಯಲ್ಲಿ ಆ ನದಿಗಳು ಉಕ್ಕಿ, ಕಟ್ಟುತ್ತಿದ್ದ ಏರಿಯನ್ನು ನೂರಾರು ಕಿಲೋಮೀಟರ್ ಉದ್ದಕ್ಕೂ ಹಾಳುಗೆಡವಿ, ಸೇತುವೆಗಳನ್ನು ಕೊಚ್ಚಿಕೊಂಡು ಹೋದವು. ನೆರೆಯ ಮಟ್ಟದ ದಾಖಲೆ ಇಲ್ಲದ ನಾಡಿನಲ್ಲಿ ಕೆಲಸ ಮಾಡುವಾಗ ನಾವು ಮಾಡುವುದು ಒಂದೇ: ಊರಿನ ಮುದುಕರನ್ನು ಕೇಳುವುದು, ಮರದ ಬೊಡ್ಡೆಯಲ್ಲಿ ಸಿಕ್ಕಿಕೊಂಡ ಕಸ ಎಷ್ಟು ಎತ್ತರದಲ್ಲಿದೆ ನೋಡುವುದು, ಹಳೆಯ ಮನೆಗಳು ಎಲ್ಲಿವೆ ನೋಡುವುದು. ನದಿಯ ಪಕ್ಕ ಹೊಲ ಇದ್ದು ಮನೆ ಮಾತ್ರ ಮೇಲಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ.

ಅಲ್ಲಿಂದ ಪೂರ್ವಕ್ಕೆ ಎರಡು ದಾರಿಗಳಿದ್ದವು. ರಷ್ಯದ ನೆಲದಲ್ಲೇ ಅಮೂರ್ ನದಿಯ ಉತ್ತರಕ್ಕೆ ಬಳಸಿ ಹೋಗುವುದು ಒಂದು, ಚೀನಾದ ಮಂಚೂರಿಯಾವನ್ನು ಅಡ್ಡಹಾಯ್ದು ವ್ಲಾಡಿವೊಸ್ಟಾಕ್‌ಗೆ ನೇರ ಹೋಗುವುದು ಇನ್ನೊಂದು. ಎರಡನೆಯದು 500 ಕಿ.ಮೀ.ಗೂ ಹೆಚ್ಚು ಹತ್ತಿರ, ನೆಲವೂ ಒಳ್ಳೆಯದು. 1896ರಲ್ಲಿ ಚೀನಾದೊಂದಿಗೆ ಗುಟ್ಟಿನ ಒಪ್ಪಂದ ಮಾಡಿಕೊಂಡು ವಿಟ್ಟೆ ಅದನ್ನೇ ಆರಿಸಿದರು. ಅಮೂರ್ ಪ್ರಾಂತದ ಗವರ್ನರ್-ಜನರಲ್ ದುಖೊವ್ಸ್ಕೊಯ್ ಬೇಡವೆಂದರು, ಕೇಳಲಿಲ್ಲ. ಮುಂದಿನದು ಇತಿಹಾಸ. 1898ರಲ್ಲಿ ಪೋರ್ಟ್ ಆರ್ಥರ್ ಗುತ್ತಿಗೆ, ಅಲ್ಲಿಗೊಂದು ಕವಲು. 1900ರಲ್ಲಿ ಚೀನೀಯರು ವಿದೇಶಿಯರ ವಿರುದ್ಧ ಎದ್ದ ಬಾಕ್ಸರ್ ದಂಗೆಯಲ್ಲಿ ಹಾಕಿದ ಹಳಿ ಬಹುಪಾಲು ಕಿತ್ತುಹೋಯಿತು. 1905ರಲ್ಲಿ ಯುದ್ಧ ಸೋತು ದಕ್ಷಿಣದ ಕವಲು ಜಪಾನಿನ ಪಾಲಾಯಿತು. ಉಳಿದದ್ದನ್ನು 1935ರಲ್ಲಿ ಮಾರಿ ಕೈತೊಳೆದುಕೊಂಡರು. ದೇಶದ ಒಂದು ತುದಿಯಿಂದ ಇನ್ನೊಂದಕ್ಕೆ ಇರುವ ಒಂದೇ ದಾರಿಯನ್ನು ಪರರ ನೆಲದ ಮೇಲೆ ಹಾಕಬಾರದು. ಅಷ್ಟು ಖರ್ಚು ಮಾಡಿದ ಮೇಲೂ 1908ರಲ್ಲಿ ಅಮೂರ್ ಮಾರ್ಗ ಶುರು ಮಾಡಲೇಬೇಕಾಯಿತು. ಎರಡು ಸಲ ಹಣ.

ಅಮೂರ್ ಮಾರ್ಗ ಮೊದಲೇ ಶುರುವಾಗಿದ್ದರೆ ಸುಲಭವಾಗಿ ಮುಗಿಯುತ್ತಿತ್ತು ಎಂದು ಮಾತ್ರ ನಾನು ಹೇಳುವುದಿಲ್ಲ. ಅಲ್ಲಿ ನೆಲದ ಕೆಳಗೆ ಸಾವಿರಾರು ವರ್ಷಗಳಿಂದ ಕರಗದ ಮಂಜು ಇದೆ. ಅದನ್ನು ಕಾಯುವುದು ಮೇಲಿನ ಪಾಚಿಯ ಹೊದಿಕೆ, ಕಂಬಳಿಯಂತೆ. ನಮ್ಮ ಕಡೆ ಏರಿ ಹಾಕುವ ಮುಂಚೆ ಮೇಲಿನ ಕಸಕಡ್ಡಿ, ಬೇರು ಕೆತ್ತಿ ಗಟ್ಟಿ ನೆಲ ತೋರಿಸುವುದು ಮೊದಲ ಪಾಠ. ಅಲ್ಲಿ ಅದನ್ನೇ ಮಾಡಿದರೆ ಬಿಸಿಲು ಒಳಗಿಳಿದು, ಮಂಜು ಕರಗಿ, ಏರಿ ಕುಸಿಯುತ್ತದೆ. ಪಾಚಿಯನ್ನು ಮುಟ್ಟದೆ ಅದರ ಮೇಲೇ ಕಲ್ಲು ತುಂಬಬೇಕು. ಇದು ತಿಳಿಯಲು ದಶಕಗಳು ಬೇಕಾದವು. 2006ರಲ್ಲಿ ಮುಗಿದ ಚೀನಾದ ಲಾಸಾ ಮಾರ್ಗದಲ್ಲಿ ಗಾಳಿ ಆಡುವಂತೆ ಒಡೆದ ಕಲ್ಲಿನ ಏರಿ ಹಾಕಿ, ಕೆಟ್ಟ ನೆಲದಲ್ಲಿ ಸೇತುವೆಯ ಮೇಲೇ ಹಳಿ ಒಯ್ದರು; ಆ ಜ್ಞಾನದ ಬೇರು ಸೈಬೀರಿಯಾದ ಕುಸಿದ ಏರಿಗಳಲ್ಲೇ ಇದೆ. ಹಾಗಾಗಿ 1897ರಲ್ಲಿ ಅಮೂರ್ ಕೆಲಸ ಹಿಡಿದಿದ್ದರೂ 1904ರೊಳಗೆ ಮುಗಿಯುತ್ತಿರಲಿಲ್ಲ. ಅಲ್ಲಿಯವರೆಗೆ ಸ್ರೆತೆನ್ಸ್ಕ್‌ನಿಂದ ಖಬರೊವ್ಸ್ಕ್‌ಗೆ ನದಿಯ ಹಡಗುಗಳೇ ಗತಿ, ಅದೂ ನೀರು ಹೆಪ್ಪುಗಟ್ಟದ ತಿಂಗಳುಗಳಲ್ಲಿ ಮಾತ್ರ. ಆದರೂ ನಾನು ಅದನ್ನೇ ಆರಿಸುತ್ತಿದ್ದೆ.

ಅಮೂರ್ ಮಾರ್ಗದ ಕೊನೆಯ ಕೊಂಡಿ ಖಬರೊವ್ಸ್ಕ್‌ನ ಸೇತುವೆ, ಎರಡೂವರೆ ಕಿ.ಮೀ.ಗೂ ಉದ್ದ. ಅದರ ಗರ್ಡರ್‌ಗಳು ವಾರ್ಸಾದಲ್ಲಿ ತಯಾರಾಗಿ, ಒಡೆಸ್ಸಾದಿಂದ ಹಡಗೇರಿ ನಮ್ಮ ಹಿಂದೂ ಮಹಾಸಾಗರದ ಮೂಲಕವೇ ಹೋಗುತ್ತಿದ್ದವು. ಕೊನೆಯ ಎರಡು ಗರ್ಡರ್ ಹೊತ್ತ ಹಡಗು 1914ರಲ್ಲಿ ಜರ್ಮನಿಯ ಎಮ್ಡನ್ ಯುದ್ಧನೌಕೆಯ ಬಾಯಿಗೆ ಸಿಕ್ಕಿತು. ಹೌದು, ಆ ಸೆಪ್ಟೆಂಬರಿನಲ್ಲಿ ಮದರಾಸಿನ ಮೇಲೆ ಗುಂಡಿನ ಮಳೆಗರೆದ ಅದೇ ಎಮ್ಡನ್. ಸೇತುವೆ ಒಂದು ವರ್ಷಕ್ಕೂ ಹೆಚ್ಚು ತಡವಾಗಿ 1916ರಲ್ಲಿ ತೆರೆಯಿತು.

ಹತ್ತು ವರ್ಷ ತಡ ಮಾಡಿ ಗಟ್ಟಿಯಾಗಿ ಕಟ್ಟಬಹುದಿತ್ತಲ್ಲ ಎಂದು ಕೇಳಿದಿರಿ. ಬೇಡ. ಚೆಲ್ಯಾಬಿನ್ಸ್ಕ್‌ನಿಂದ ಓಬ್‌ವರೆಗಿನ 1,400 ಕಿ.ಮೀ. ನಾಲ್ಕೇ ವರ್ಷಗಳಲ್ಲಿ ಆಗಿ, ಜನ ಹೊಲ ಹುಡುಕಿಕೊಂಡು ಬಂದರು. ಮೊದಲ ಮಹಾಯುದ್ಧದ ಹೊತ್ತಿಗೆ ಹಾಗೆ ಬಂದ ರೈತರು ಮೂವತ್ತು ಲಕ್ಷಕ್ಕೂ ಮೇಲೆ. ಸೈಬೀರಿಯಾದ ಬೆಣ್ಣೆ ತಂಪು ವ್ಯಾಗನ್ನಿನಲ್ಲಿ ಬಾಲ್ಟಿಕ್ ಬಂದರು ತಲುಪಿ ಅಲ್ಲಿಂದ ಲಂಡನ್ನಿಗೆ ಹೋಯಿತು. ಮಾರ್ಗ ದುಡಿಯತೊಡಗಿದರೆ ಅದನ್ನು ಗಟ್ಟಿ ಮಾಡಲು ಬೇಕಾದ ವಾದವೂ ಹಣವೂ ತಾನೇ ಹುಟ್ಟುತ್ತವೆ. ಕೆನಡಾದವರೂ 1885ರಲ್ಲಿ ಮಾರ್ಗ ಮುಗಿಸುವಾಗ ರಾಕಿ ಪರ್ವತದಲ್ಲಿ 22ಕ್ಕೆ ಒಂದರಂಥ ಭಯಂಕರ ಇಳಿಜಾರನ್ನು ತಾತ್ಕಾಲಿಕ ಎಂದು ಬಿಟ್ಟು, 1909ರಲ್ಲಿ ಸುರುಳಿ ಸುರಂಗ ತೆಗೆದು ಸರಿ ಮಾಡಿದರು.

ನಾನು ಎಷ್ಟೇ ಹಣ ಉಳಿದರೂ ಒಪ್ಪದ ಒಂದು ಉಳಿತಾಯವಿದೆ, ಅದು ಕೆಲಸಗಾರರ ಮೇಲಿನದು. ಕೈದಿಗಳು, ಸೈನಿಕರು, ಚೀನಾ ಮತ್ತು ಕೊರಿಯಾದಿಂದ ಬಂದ ಕೂಲಿಗಳು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯನ್ನೇ ಅಟ್ಟಣಿಗೆ ಮಾಡಿಕೊಂಡು ಕಂಬ ಕಟ್ಟಿದವರು, ಮಂಜು ಹಿಡಿದ ಗರ್ಡರಿನ ಮೇಲೆ ಹಗ್ಗವಿಲ್ಲದೆ ನಿಂತು ರಿವೆಟ್ ಹೊಡೆದವರು. ಬೆಚ್ಚಗಿನ ಬಿಡಾರ, ಒಬ್ಬ ವೈದ್ಯ, ಸೊಂಟಕ್ಕೊಂದು ಹಗ್ಗ ಇವಕ್ಕೆ ಆಗುತ್ತಿದ್ದ ಖರ್ಚು ಹಳಿಯ ಲೆಕ್ಕದಲ್ಲಿ ಕಣ್ಣಿಗೂ ಕಾಣುತ್ತಿರಲಿಲ್ಲ.

ಕೊನೆಯ ಪ್ರಶ್ನೆ: ಹಳೆಯ ಮಾರ್ಗ ನೋಡಲು ಸಿಗುತ್ತದೆ. 1949ರಲ್ಲಿ ಇರ್ಕುತ್ಸ್ಕ್‌ನಿಂದ ಸ್ಲ್ಯುದ್ಯಾಂಕಾಗೆ ಬೆಟ್ಟ ಹತ್ತಿ ಇಳಿಯುವ ಹೊಸ ಮಾರ್ಗ ಆಯಿತು. 1956ರಲ್ಲಿ ಇರ್ಕುತ್ಸ್ಕ್ ಅಣೆಕಟ್ಟಿನ ಹಿನ್ನೀರು ಅಂಗಾರಾ ನದಿ ದಂಡೆಯ ಹಳೆಯ ಹಳಿಯನ್ನು ಮುಳುಗಿಸಿತು. ಹಾಗಾಗಿ ಸರೋವರದ ದಡದ ಸುಮಾರು 85 ಕಿ.ಮೀ. ತುಂಡು ಒಂದು ಕಡೆ ದಾರಿಯಿಲ್ಲದ ಕವಲಾಗಿ ಉಳಿದುಕೊಂಡಿದೆ. ಸ್ಲ್ಯುದ್ಯಾಂಕಾದಿಂದ ಪೋರ್ಟ್ ಬೈಕಲ್‌ವರೆಗೆ ಪ್ರವಾಸಿ ರೈಲು ನಿಧಾನವಾಗಿ ಹೋಗುತ್ತದೆ. ಸರೋವರದ ಕಡೆಯ ಕಿಟಕಿ ಹಿಡಿಯಿರಿ. ರೈಲು ನಿಂತಲ್ಲಿ ಇಳಿದು, ಇಟಲಿಯ ಕಲ್ಲುಕುಟಿಗರು ಕಟ್ಟಿದ ತಡೆಗೋಡೆಗಳ ಸಂದಿಗೆ ಬೆರಳಿಟ್ಟು ನೋಡಿ. ಸುರಂಗದ ಒಳಗೆ ಟಾರ್ಚ್ ಹಾಕಿದರೆ ಒಂದು ಹಳಿಯ ಪಕ್ಕದಲ್ಲಿ ಇನ್ನೊಂದು ಹಳಿಗಾಗಿ ತೆಗೆದ ಜಾಗ ಕಾಣುತ್ತದೆ. ಎರಡನೆಯದನ್ನು ಕಿತ್ತು ಬಹಳ ಕಾಲವಾಯಿತು. "ಬೈಕಲ್" ಹಡಗು 1918ರ ಅಂತರ್ಯುದ್ಧದಲ್ಲಿ ಸುಟ್ಟುಹೋಯಿತು. ಅದರ ಜೊತೆಗಾರ ಹಡಗು "ಅಂಗಾರಾ" ಇರ್ಕುತ್ಸ್ಕ್‌ನಲ್ಲಿ ಮ್ಯೂಸಿಯಂ ಆಗಿ ನಿಂತಿದೆ, ಒಳಗೆ ಹೋಗಿ ನೋಡಬಹುದು.